ಹಡಗಿನ ಕಂಬದೊಳಗಿನ ಹೆಲ್ಮೆಟ್ ಚೂರು

2009ರ ಆಗಸ್ಟ್ 1ರಂದು ಅಮೆರಿಕದ ಮೇನ್ ರಾಜ್ಯದ ಬಾತ್ ಎಂಬ ಊರಿನ ಶಿಪ್‌ಯಾರ್ಡಿನಲ್ಲಿ ಒಂದು ಹೊಸ ಯುದ್ಧನೌಕೆಗೆ ಹೆಸರಿಡುವ ಕಾರ್ಯಕ್ರಮ ಇತ್ತು. ಹಡಗಿನ ಮೂತಿಗೆ ಬಾಟಲಿ ಹೊಡೆದು ಒಡೆಯುವ ಶಾಸ್ತ್ರ ಅಲ್ಲಿ ಎಲ್ಲ ಹಡಗಿಗೂ ಉಂಟು. ಈ ಹಡಗಿಗೆ ಅದರ ಜೊತೆ ಇನ್ನೊಂದು ಕೆಲಸ ಮಾಡಿದರು. ಎತ್ತರದ ಕಂಬದೊಳಗೆ ಒಂದು ಹೆಲ್ಮೆಟ್‌ನ ಚೂರನ್ನು ಇಟ್ಟು ಮುಚ್ಚಿದರು. ಐದು ವರ್ಷದ ಹಿಂದೆ ಇರಾಕಿನ ಒಂದು ಊರಿನಲ್ಲಿ ಗ್ರೆನೇಡ್ ಮೇಲೆ ಕವುಚಿದ್ದ ಹೆಲ್ಮೆಟ್ ಅದು. ಕವುಚಿದವನ ಹೆಸರೇ ಹಡಗಿನ ಹೆಸರು, ಯುಎಸ್‌ಎಸ್ ಜೇಸನ್ ಡನ್‌ಹಮ್. ಹಡಗಿಗೆ ಹೆಸರಿಟ್ಟವರು ಅವನ ತಾಯಿ ಡೆಬ್.

ಕರ್ತವ್ಯದಲ್ಲಿದ್ದಾಗ ತೀರಿಕೊಂಡ ಯೋಧನನ್ನು ನೆನೆಯುವುದು ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಹಾರ, ಬಾವುಟ, ಎರಡು ನಿಮಿಷದ ಮೌನ, ಒಂದಿಷ್ಟು ಭಾಷಣ. ಅದೆಲ್ಲ ಮೊದಲ ವಾರದ ಮಾತು. ಆಮೇಲೆ ನೆನಪು ಉಳಿಯಬೇಕಾದರೆ ಯಾರಾದರೂ ಕೂತು ಕಾಗದ ತುಂಬಬೇಕು, ಕಂಡದ್ದನ್ನು ಸಾಕ್ಷಿ ಹೇಳಬೇಕು, ಸಹಿಗಾಗಿ ಕಾಯಬೇಕು. ಮನೆಯವರು ಮತ್ತೆ ಮತ್ತೆ ವೇದಿಕೆ ಹತ್ತಬೇಕು. ಈ ಪ್ರಕರಣದಲ್ಲಿ ಆ ಕೆಲಸವೆಲ್ಲ ಒಂದೊಂದಾಗಿ ಕಾಣುತ್ತದೆ. ಅದಕ್ಕೇ ಇದನ್ನು ಆರಿಸಿಕೊಂಡೆ. ಇನ್ನೊಂದು ಕಾರಣ ಆ ಹೆಲ್ಮೆಟ್. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಒಂದು ವಿಷಯ. ಮರೀನ್ ಅಂದರೆ ಯಾರು ಅಂತ ಹೇಳಲು ಕನ್ನಡದಲ್ಲಿ ಒಂದೇ ಪದ ಇಲ್ಲ. ಅಮೆರಿಕದ ಮರೀನ್ ಕೋರ್ ಅಲ್ಲಿನ ನೌಕಾ ಇಲಾಖೆಯ ಕೆಳಗೆ ಬರುವ ಪ್ರತ್ಯೇಕ ಪಡೆ. ಸಮುದ್ರದಿಂದ ಬಂದು ನೆಲದ ಮೇಲೆ ಕಾದಾಡುವವರು. ‘ಸೈನಿಕ’ ಅಂದರೆ ಅವರಿಗೆ ಅಷ್ಟು ಹಿಡಿಸುವುದಿಲ್ಲ, ‘ಮರೀನ್’ ಅಂತಲೇ ಕರೆಯಬೇಕು. ಹಾಗಾಗಿ ಇಲ್ಲಿ ಮರೀನ್ ಅಂತಲೇ ಬರೆಯುತ್ತೇನೆ. ಮತ್ತೆ ಜೇಸನ್‌ನನ್ನು ‘ಅವನು’ ಅನ್ನುತ್ತೇನೆ. ಸತ್ತಾಗ ಅವನಿಗೆ 22 ವರ್ಷ.

ಆ ಪಡೆ ತನ್ನ ಹುಟ್ಟುಹಬ್ಬವನ್ನು ನವೆಂಬರ್ 10ರಂದು ಆಚರಿಸುತ್ತದೆ. 1775ರ ಆ ದಿನ ಅದು ಶುರುವಾಯಿತು ಅಂತ ಲೆಕ್ಕ. ಜೇಸನ್ ಹುಟ್ಟಿದ್ದೂ ನವೆಂಬರ್ 10ರಂದೇ, 1981ರಲ್ಲಿ. ಊರು ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಮೂಲೆಯ ಸೈಯೊ. ನ್ಯೂಯಾರ್ಕ್ ಅಂದ ತಕ್ಷಣ ಗಗನಚುಂಬಿ ಕಟ್ಟಡ ನೆನೆಸಿಕೊಳ್ಳಬೇಡಿ. ಎರಡು ಸಾವಿರ ಜನ ಕೂಡ ಇಲ್ಲದ ಹಳ್ಳಿ ಅದು. ಹುಡುಗ ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ, 2000ದಲ್ಲಿ ಓದು ಮುಗಿಸಿ ಅದೇ ವರ್ಷ ಪಡೆ ಸೇರಿದ. ಮೊದಲು ಜಾರ್ಜಿಯಾ ರಾಜ್ಯದ ಕಿಂಗ್ಸ್ ಬೇಯಲ್ಲಿ, ಜಲಾಂತರ್ಗಾಮಿಗಳ ನೆಲೆಯಲ್ಲಿ ಕಾವಲು ಕೆಲಸ. ಆಮೇಲೆ 7ನೇ ಮರೀನ್ ರೆಜಿಮೆಂಟಿನ 3ನೇ ಬೆಟಾಲಿಯನ್, ಕಿಲೋ ಕಂಪನಿ. ಅಲ್ಲಿ ಕಾರ್ಪೊರಲ್ ಆಗಿ ಒಂದು ಸ್ಕ್ವಾಡಿನ ಮುಖ್ಯಸ್ಥ. ಹತ್ತು ಹನ್ನೆರಡು ಜನ, ಹೆಚ್ಚುಕಮ್ಮಿ ಅವನ ವಯಸ್ಸಿನವರೇ. ಅವರು ಊಟ ಮಾಡಿದರಾ, ನೀರು ಕುಡಿದರಾ, ಬಂದೂಕು ಒರೆಸಿದರಾ ಅಂತ ನೋಡುವುದೂ ಅವನ ಪಾಲಿನ ಕೆಲಸ.

2004ರ ಆರಂಭದಲ್ಲಿ ಬೆಟಾಲಿಯನ್ ಇರಾಕಿಗೆ ಹೋಯಿತು. ಅನ್ಬಾರ್ ಪ್ರಾಂತ್ಯದ ಪಶ್ಚಿಮ ತುದಿ, ಸಿರಿಯಾ ಗಡಿಗೆ ಅಂಟಿಕೊಂಡ ಹುಸೈಬಾ ಮತ್ತು ಅದರ ಪಕ್ಕದ ಕರಾಬಿಲಾ. ಯೂಫ್ರೆಟಿಸ್ ನದಿ ಅಲ್ಲಿಂದಲೇ ಇರಾಕಿನೊಳಗೆ ಬರುತ್ತದೆ. ಹೋರಾಟಗಾರರೂ ಆಯುಧಗಳೂ ಗಡಿ ದಾಟಿ ಬರುತ್ತಿದ್ದ ದಾರಿ ಕೂಡ ಅದೇ. ಜೇಸನ್‌ನ ಸೇವೆಯ ಅವಧಿ ಆ ವರ್ಷದ ನಡುವೆಯೇ ಮುಗಿಯಬೇಕಿತ್ತು. ಅವನು ಮನೆಗೆ ಹೋಗಬಹುದಿತ್ತು. ಸ್ಕ್ವಾಡಿನ ಜೊತೆ ಕೊನೆಯವರೆಗೂ ಇರುತ್ತೇನೆ ಅಂತ ಅವಧಿಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಿಸಿಕೊಂಡ. ಯಾಕೋ ಅಂತ ಕೇಳಿದ ಗೆಳೆಯರಿಗೆ, ಎಲ್ಲರೂ ಜೀವಂತ ಮನೆ ಸೇರುವುದನ್ನು ನೋಡಬೇಕು ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟಿದ್ದ.

ಈಗ ಹೆಲ್ಮೆಟ್ ವಿಷಯ.

ಘಟನೆಗೆ ಸ್ವಲ್ಪ ದಿನ ಮುಂಚೆ ಶಿಬಿರದಲ್ಲಿ ಒಂದು ಚರ್ಚೆ ನಡೆದಿತ್ತು. ಕಾಲ ಬುಡಕ್ಕೆ ಗ್ರೆನೇಡ್ ಬಂದು ಬಿದ್ದರೆ ಏನು ಮಾಡುವುದು? ಓಡುವಷ್ಟು ಸಮಯ ಇರಲ್ಲ. ಎತ್ತಿ ಎಸೆಯುವುದಕ್ಕೂ ಆಗದಿರಬಹುದು. ಜೇಸನ್‌ಗೆ ಒಂದು ಯೋಚನೆ ಇತ್ತು. ತಲೆ ಮೇಲಿನ ಹೆಲ್ಮೆಟ್ ತೆಗೆದು ಗ್ರೆನೇಡ್ ಮೇಲೆ ಕವುಚಿದರೆ ಹೇಗೆ? ಕೆವ್ಲಾರ್ ಎಂಬ ಗಟ್ಟಿ ನಾರಿನ ಪದರಗಳಿಂದ ಮಾಡಿದ ಹೆಲ್ಮೆಟ್ ಅದು. ಹಾರಿ ಬರುವ ಲೋಹದ ಚೂರುಗಳನ್ನು ತಡೆಯಲೆಂದೇ ಇರುವುದು. ಸ್ಫೋಟವನ್ನು ಅದು ತಡೆಯುತ್ತದೆ ಅಂತ ಅವನ ವಾದ. ಅವನ ತುಕಡಿಯ ಅಧಿಕಾರಿಗೆ ಅಷ್ಟು ನಂಬಿಕೆ ಇರಲಿಲ್ಲ.

ಕೆಲಸ ಮಾಡುವವರ ನಡುವೆ ಇಂಥ ಮಾತು ಸಾಮಾನ್ಯ. ಲೈನ್‌ಮನ್‌ಗಳು ಕೂತರೆ ಕರೆಂಟ್ ಹೊಡೆದರೆ ಹೇಗೆ ಅಂತ ಮಾತಾಡುತ್ತಾರೆ, ಮೀನುಗಾರರು ದೋಣಿ ಮಗುಚಿದರೆ ಹೇಗೆ ಅಂತ. ಅರ್ಧ ಹರಟೆ, ಅರ್ಧ ಪಾಠ. ಆದರೆ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಆ ಹರಟೆಯೇ.

2004ರ ಏಪ್ರಿಲ್ 14. ಜೇಸನ್‌ನ ಸ್ಕ್ವಾಡ್ ಕರಾಬಿಲಾದಲ್ಲಿ ಪರಿಸ್ಥಿತಿ ನೋಡಿಕೊಂಡು ಬರಲು ಹೋಗಿತ್ತು. ಸುಮಾರು 2 ಕಿಲೋಮೀಟರ್ ಪಶ್ಚಿಮಕ್ಕೆ ರಾಕೆಟ್ ಮತ್ತು ಗುಂಡಿನ ಸದ್ದು ಕೇಳಿತು. ಬೆಟಾಲಿಯನ್ ಕಮಾಂಡರ್ ಹುಸೈಬಾ ಶಿಬಿರಕ್ಕೆ ಹೋಗುತ್ತಿದ್ದಾಗ ಅವರ ವಾಹನಗಳ ಸಾಲಿನ ಮೇಲೆ ದಾಳಿ ಆಗಿತ್ತು. ಜೇಸನ್ ತನ್ನವರನ್ನು ಕರೆದುಕೊಂಡು ಆ ಕಡೆ ಹೊರಟ. ದಾರಿಯಲ್ಲಿ ಅವರ ಮೇಲೂ ಗುಂಡು ಹಾರಿತು. ಗಾಡಿಗಳಿಂದ ಇಳಿದು, ಒಂದು ಸಣ್ಣ ಗುಂಪಿನ ಜೊತೆ ನಡೆದುಕೊಂಡೇ ಮುಂದೆ ಹೋದ. ಅಲ್ಲಿ ಏಳು ವಾಹನಗಳು ಸಾಲಾಗಿ ಊರು ಬಿಡುವ ಅವಸರದಲ್ಲಿದ್ದವು. ನಿಲ್ಲಿಸಿ ಆಯುಧ ಇದೆಯಾ ಅಂತ ನೋಡಲು ಹತ್ತಿರ ಹೋದರು.

ಒಂದು ಗಾಡಿಯಿಂದ ಒಬ್ಬ ಹಾರಿ ಬಂದು ಜೇಸನ್‌ನ ಕುತ್ತಿಗೆಗೆ ಕೈ ಹಾಕಿದ. ಇಬ್ಬರೂ ನೆಲಕ್ಕೆ ಬಿದ್ದು ಹೊರಳಾಡಿದರು. ಇನ್ನಿಬ್ಬರು ಮರೀನ್‌ಗಳು ಬಿಡಿಸಲು ಓಡಿ ಬಂದರು. ಅವನ ಕೈ ನೋಡಿ, ಅವನ ಕೈ ನೋಡಿ ಎಂದು ಜೇಸನ್ ಕೂಗಿದ. ಕೈಯಲ್ಲಿದ್ದದ್ದು ಮಿಲ್ಸ್ ಬಾಂಬ್ ಮಾದರಿಯ ಗ್ರೆನೇಡ್. 1915ರಲ್ಲಿ, ಮೊದಲ ಮಹಾಯುದ್ಧಕ್ಕಾಗಿ ಬ್ರಿಟಿಷರು ಮಾಡಿದ ವಿನ್ಯಾಸ. ಗ್ರೆನೇಡ್ ಕೈಜಾರಿ ಬಂದಾಗ ಜೇಸನ್ ಹೆಲ್ಮೆಟ್ ತೆಗೆದು ಅದರ ಮೇಲೆ ಕವುಚಿದ. ಹೆಲ್ಮೆಟ್ ಮೇಲೆ ತಾನೂ ಬಿದ್ದ.

ಬಿಡಿಸಲು ಬಂದ ಇಬ್ಬರಿಗೂ ಗಾಯವಾಯಿತು. ಇಬ್ಬರೂ ಬದುಕಿದರು. ಹೆಲ್ಮೆಟ್ ಚಿಂದಿಯಾಯಿತು. ಜೇಸನ್‌ನ ತಲೆಗೆ ಲೋಹದ ಚೂರು ಹೊಕ್ಕಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತದೆ. ಗ್ರೆನೇಡ್ ಮೇಲೆ ಬಿದ್ದ ಅಂದಾಗ ನಾವು ಅದನ್ನು ಆತ್ಮಾಹುತಿ ಅಂತ ಓದಿಬಿಡುತ್ತೇವೆ. ಹುಡುಗ ಸಾಯಲು ನಿರ್ಧರಿಸಿದ, ಸತ್ತ ಅಂತ. ಆ ಹರಟೆ ಗೊತ್ತಿದ್ದರೆ ಬೇರೆಯೇ ಚಿತ್ರ ಕಾಣುತ್ತದೆ. ಸಾಯಬೇಕು ಅಂತಿದ್ದವನು ಹೆಲ್ಮೆಟ್ ತೆಗೆಯುವ ಗೋಜಿಗೆ ಹೋಗುತ್ತಿರಲಿಲ್ಲ. ಎಲ್ಲರೂ ಉಳಿಯುವ ಒಂದು ದಾರಿ ಇದೆ ಅಂತ ಅವನು ನಂಬಿದ್ದ, ಆ ಎಲ್ಲರಲ್ಲಿ ತಾನೂ ಇದ್ದ. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ ಉಪಾಯವನ್ನು ನಾಲ್ಕೈದು ಸೆಕೆಂಡಿನಲ್ಲಿ ಪ್ರಯೋಗ ಮಾಡಿದ. ಉಪಾಯ ಮುಕ್ಕಾಲು ಪಾಲು ಫಲಿಸಿತು. ಶೌರ್ಯದ ಕಥೆ ಹೇಳುವಾಗ ಈ ಯೋಚಿಸುವ ಹುಡುಗ ಕಳೆದುಹೋಗುತ್ತಾನೆ. ನನಗೆ ಅವನೇ ಜಾಸ್ತಿ ಇಷ್ಟ.

ಮುಂದಿನ ಎಂಟು ದಿನದ ಕಥೆ ಆಸ್ಪತ್ರೆಗಳದ್ದು. ಯುದ್ಧಭೂಮಿಯ ವೈದ್ಯರು ಗಾಯಾಳುಗಳನ್ನು ವಿಂಗಡಿಸುತ್ತಾರೆ. ತಕ್ಷಣ ನೋಡಬೇಕಾದವರು ಒಂದು ಕಡೆ, ಕಾಯಬಹುದಾದವರು ಇನ್ನೊಂದು ಕಡೆ. ಏನು ಮಾಡಿದರೂ ಉಳಿಯುವುದಿಲ್ಲ ಅನ್ನುವವರು ಮತ್ತೊಂದು ಕಡೆ, ಅವರಿಗೆ ನೋವು ಗೊತ್ತಾಗದಂತೆ ನೋಡಿಕೊಳ್ಳುವುದಷ್ಟೇ. ಒಂದು ಹಂತದಲ್ಲಿ ಜೇಸನ್‌ನನ್ನು ಆ ಕೊನೆಯ ಗುಂಪಿಗೆ ಸೇರಿಸಿದ್ದರು. ಕೇಳಿಸುತ್ತಿದ್ದರೆ ಕೈ ಹಿಸುಕು ಅಂದಾಗ ಅವನು ಹಿಸುಕಿದ. ತಕ್ಷಣ ಮುಂದಿನ ಆಸ್ಪತ್ರೆಗೆ ಕಳಿಸಿದರು. ಬಾಗ್ದಾದ್, ಅಲ್ಲಿಂದ ಜರ್ಮನಿಯ ಲ್ಯಾಂಡ್‌ಸ್ಟೂಲ್, ಅಲ್ಲಿಂದ ಅಮೆರಿಕದ ಬೆಥೆಸ್ಡಾದಲ್ಲಿದ್ದ ನೌಕಾಪಡೆಯ ಆಸ್ಪತ್ರೆ.

ಅಮೆರಿಕದಲ್ಲಿ ಯೋಧ ಸತ್ತರೆ ಸಮವಸ್ತ್ರ ಹಾಕಿದವರು ಮನೆ ಬಾಗಿಲಿಗೇ ಬಂದು ಹೇಳುತ್ತಾರೆ. ಗಾಯವಾದರೆ ಫೋನ್ ಬರುತ್ತದೆ. ಹಾಗಾಗಿ ಫೋನ್ ಬಂದರೆ ಮನೆಯವರಿಗೆ ಭಯದ ಜೊತೆಗೆ ಒಂದು ಸಣ್ಣ ಆಸೆಯೂ ಇರುತ್ತದೆ, ಬಾಗಿಲಿಗಂತೂ ಬರಲಿಲ್ಲವಲ್ಲ ಅಂತ. ಡೆಬ್ ಮತ್ತು ಡ್ಯಾನ್ ಡನ್‌ಹಮ್ ಆ ಆಸೆ ಹಿಡಿದುಕೊಂಡೇ ಬೆಥೆಸ್ಡಾಗೆ ಹೋದರು. ಮೆದುಳಿಗೆ ಆದ ಪೆಟ್ಟು ವಾಸಿಯಾಗುವಂಥದ್ದಲ್ಲ ಅಂತ ಡಾಕ್ಟರರು ಹೇಳಿದರು. ಯಂತ್ರದ ಬಲದಲ್ಲಿ ಉಸಿರಾಡಿಕೊಂಡು ಮಲಗಿರುವುದು ಬೇಡ ಎಂಬ ಮಗನ ಇಷ್ಟ ಅವರಿಗೆ ಗೊತ್ತಿತ್ತು. ಏಪ್ರಿಲ್ 22ರಂದು ಯಂತ್ರ ನಿಲ್ಲಿಸಲು ಒಪ್ಪಿದರು. ಅದಕ್ಕೆ ಮೊದಲು ಮರೀನ್ ಕೋರ್‌ನ ಮುಖ್ಯಸ್ಥ ಜನರಲ್ ಮೈಕಲ್ ಹೇಗೀ ಬಂದು, ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕವನ್ನು ದಿಂಬಿಗೆ ಸಿಕ್ಕಿಸಿದರು. ಅಪ್ಪ ಅಮ್ಮ ಇಬ್ಬರೂ ಪಕ್ಕದಲ್ಲೇ ಇದ್ದರು.

ಈಗ ನೆನಪಿನ ಕಾಗದಪತ್ರದ ಕಡೆಗೆ. ಅಮೆರಿಕದ ಅತಿ ದೊಡ್ಡ ಸೇನಾ ಗೌರವ ಮೆಡಲ್ ಆಫ್ ಆನರ್. ಕೊರಳಿಗೆ ಹಾಕುವ ತಿಳಿನೀಲಿ ಪಟ್ಟಿ, ಅದರ ಮೇಲೆ 13 ಬಿಳಿ ನಕ್ಷತ್ರ. ನೌಕಾಪಡೆ ಮತ್ತು ಮರೀನ್‌ಗಳಿಗೆ ಕೊಡುವ ಪದಕದಲ್ಲಿ ನಕ್ಷತ್ರ ಒಂದು ಲಂಗರಿನಿಂದ ನೇತಾಡುತ್ತದೆ. ಯಾರೋ ದೊಡ್ಡವರು ಒಂದು ಪತ್ರ ಬರೆದರೆ ಸಿಗುವಂಥದ್ದಲ್ಲ ಅದು. ಕಣ್ಣಾರೆ ಕಂಡವರ ಹೇಳಿಕೆ ಬೇಕು. ಕೆಳಗಿನಿಂದ ಮೇಲಿನವರೆಗೆ ಒಂದೊಂದು ಹಂತದಲ್ಲೂ ಅಧಿಕಾರಿಗಳು ಅದನ್ನು ಜರಡಿ ಹಿಡಿಯುತ್ತಾರೆ. ಕೊನೆಗೆ ರಕ್ಷಣಾ ಕಾರ್ಯದರ್ಶಿ, ಆಮೇಲೆ ಅಧ್ಯಕ್ಷರು.

ಹೇಳಿಕೆ ಕೊಡುವುದು ಯಾರು? ಅಂದು ಅಲ್ಲಿದ್ದ ಹುಡುಗರು. ಕೆಲವರು ಇನ್ನೂ ಆಸ್ಪತ್ರೆಯಲ್ಲಿ, ಕೆಲವರು ಇನ್ನೂ ಯುದ್ಧದಲ್ಲಿ. ಧೂಳು, ಕೂಗಾಟ, ನೆಲದ ಮೇಲೆ ಹೊರಳಾಟ, ಅದರ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಯಾರು ಎಷ್ಟು ನೋಡಿರಲು ಸಾಧ್ಯ? ಇಲ್ಲಿ ಹೆಲ್ಮೆಟ್ ಎರಡನೇ ಸಲ ಕೆಲಸಕ್ಕೆ ಬಂತು. ತಲೆ ಮೇಲಿದ್ದ ಹೆಲ್ಮೆಟ್ ಹಾಗೆ ಚಿಂದಿಯಾಗುವುದಿಲ್ಲ. ಗ್ರೆನೇಡ್ ಅದರ ಕೆಳಗೇ ಸಿಡಿದಿರಬೇಕು. ಮುಂಚಿನ ಆ ಚರ್ಚೆ, ಕೊನೆಯ ಕೂಗು, ಚಿಂದಿ ಹೆಲ್ಮೆಟ್, ಮೂರನ್ನೂ ಸೇರಿಸಿ ನೋಡಿದರೆ ಆದದ್ದೇನು ಅಂತ ಅರ್ಥವಾಗುತ್ತದೆ.

ಪದಕದ ಸುದ್ದಿಯನ್ನು ಅಧ್ಯಕ್ಷ ಜಾರ್ಜ್ ಬುಷ್ 2006ರ ನವೆಂಬರ್ 10ರಂದು ಹೇಳಿದರು, ವರ್ಜೀನಿಯಾದ ಕ್ವಾಂಟಿಕೊದಲ್ಲಿ ಮರೀನ್ ಕೋರ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉದ್ಘಾಟನೆ ಮಾಡುವಾಗ. ಬದುಕಿದ್ದರೆ ಅವತ್ತು ಜೇಸನ್‌ಗೆ 25 ತುಂಬುತ್ತಿತ್ತು. ಸತ್ತು ಎರಡೂವರೆ ವರ್ಷ ಕಳೆದಿತ್ತು. ಪದಕವನ್ನು ಮನೆಯವರ ಕೈಗೆ ಕೊಟ್ಟದ್ದು 2007ರ ಜನವರಿ 11ರಂದು, ಶ್ವೇತಭವನದಲ್ಲಿ. ಇರಾಕ್ ಯುದ್ಧಕ್ಕೆ ಈ ಪದಕ ಪಡೆದ ಮೊದಲ ಮರೀನ್ ಅವನು. ವಿಯೆಟ್ನಾಂ ಯುದ್ಧದ ನಂತರ ಅದನ್ನು ಪಡೆದ ಮರೀನ್‌ಗಳಲ್ಲೂ ಅವನೇ ಮೊದಲಿಗ. ಸಮಾರಂಭದಲ್ಲಿ ಬುಷ್ ಅವರ ಕೆನ್ನೆ ಮೇಲೆ ಕಣ್ಣೀರು ಇಳಿದ ಫೋಟೋ ಮರುದಿನ ಎಲ್ಲ ಕಡೆ ಬಂತು.

ಆ ಫೋಟೋ ನೋಡುವಾಗ ಹಿಂದಿನ ರಾತ್ರಿಯನ್ನೂ ನೆನಪಿಟ್ಟುಕೊಳ್ಳಬೇಕು. ಜನವರಿ 10ರ ರಾತ್ರಿ ಅದೇ ಅಧ್ಯಕ್ಷರು ಟೀವಿಯಲ್ಲಿ, ಇರಾಕಿಗೆ ಇನ್ನೂ 20,000ಕ್ಕೂ ಹೆಚ್ಚು ಮಂದಿಯನ್ನು ಕಳಿಸುವುದಾಗಿ ಹೇಳಿದ್ದರು. ಕಣ್ಣೀರು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎರಡೂ ನಿಜ ಇರಬಹುದು. ಸತ್ತವನ ನೆನಪಿಗೆ ಅದರದೇ ಬಲ ಇದೆ, ಆ ಬಲವನ್ನು ಸರ್ಕಾರ ತನ್ನ ಕೆಲಸಕ್ಕೂ ಬಳಸಿಕೊಳ್ಳುತ್ತದೆ. ಯುದ್ಧ ಸರಿಯೋ ತಪ್ಪೋ ಅನ್ನುವ ಜಗಳದಲ್ಲಿ ಮಾತಾಡಲು ಜೇಸನ್ ಇರಲಿಲ್ಲ. ಅವನ ಹೆಸರನ್ನು ಎರಡು ಕಡೆಯವರೂ ಎಳೆಯಬಹುದಿತ್ತು.

ಸಾಕ್ಷಿ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಬ್ಬ ಮರೀನ್‌ನ ಕಥೆ ಪಕ್ಕಕ್ಕೆ ಇಟ್ಟು ನೋಡಬೇಕು. ಸಾರ್ಜೆಂಟ್ ರಫಾಯೆಲ್ ಪೆರಾಲ್ಟಾ. ಮೆಕ್ಸಿಕೊ ನಗರದಲ್ಲಿ ಹುಟ್ಟಿದವನು, ಅಮೆರಿಕದಲ್ಲಿ ಇರಲು ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಪಡೆ ಸೇರಿದವನು. 2004ರ ನವೆಂಬರ್ 15ರಂದು ಫಲೂಜಾದಲ್ಲಿ ಒಂದು ಮನೆ ಹೊಕ್ಕಾಗ ತಲೆಗೆ ಗುಂಡಿನ ಚೂರು ಬಡಿದು ಬಿದ್ದ. ಶತ್ರುಗಳು ಗ್ರೆನೇಡ್ ಎಸೆದರು. ಬಿದ್ದಲ್ಲೇ ಕೈಚಾಚಿ ಗ್ರೆನೇಡನ್ನು ಮೈಗೆ ಎಳೆದುಕೊಂಡ, ಉಳಿದವರು ಬದುಕಿದರು ಅಂತ ಜೊತೆಯವರ ಹೇಳಿಕೆ. ಮೆಡಲ್ ಆಫ್ ಆನರ್‌ಗೆ ಹೆಸರು ಹೋಯಿತು. ತಲೆಗೆ ಅಂಥ ಪೆಟ್ಟು ಬಿದ್ದವನು ತಿಳಿದೂ ತಿಳಿದೂ ಕೈ ಆಡಿಸಲು ಸಾಧ್ಯವೇ ಅಂತ ಪ್ರಶ್ನೆ ಎದ್ದಿತು. ವೈದ್ಯರಲ್ಲೇ ಎರಡು ಅಭಿಪ್ರಾಯ. 2008ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಆಗುವುದಿಲ್ಲ ಅಂದರು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ನೇವಿ ಕ್ರಾಸ್ ಕೊಟ್ಟರು.

ತಮಾಷೆ ಅಂದರೆ, ಆ ನೇವಿ ಕ್ರಾಸ್‌ನ ಪ್ರಶಸ್ತಿ ಪತ್ರದಲ್ಲಿ ಅವನು ಕೈಚಾಚಿ ಗ್ರೆನೇಡ್ ಎಳೆದುಕೊಂಡ ಅಂತಲೇ ಬರೆದಿದೆ! ಆಗಿಲ್ಲ ಅಂತ ಅನುಮಾನಿಸಿದ್ದನ್ನೇ ಆಯಿತು ಅಂತ ಬರೆದು ಕೊಟ್ಟರು. ತಾಯಿ ವರ್ಷಗಟ್ಟಲೆ ಅದನ್ನು ಮುಟ್ಟಲಿಲ್ಲ. ನಂತರ ಬಂದ ಇಬ್ಬರು ರಕ್ಷಣಾ ಕಾರ್ಯದರ್ಶಿಗಳೂ ತೀರ್ಮಾನ ಬದಲಿಸಲಿಲ್ಲ. 2014ರಲ್ಲಿ, ಅಂದು ಜೊತೆಗಿದ್ದ ಮಾಜಿ ಮರೀನ್‌ಗಳಲ್ಲಿ ಇಬ್ಬರು ಗ್ರೆನೇಡ್ ಎಳೆದುಕೊಂಡ ಕಥೆಯೇ ನಿಜವಲ್ಲ ಅಂದರು. ಉಳಿದವರು ತಮ್ಮ ಮಾತಿಗೆ ಕಟ್ಟುಬಿದ್ದರು. 2015ರ ಜೂನ್‌ನಲ್ಲಿ ತಾಯಿ ಪದಕ ತೆಗೆದುಕೊಂಡು, ಮಗನ ಹೆಸರಿನ ಹಡಗಿಗೆ ಕೊಟ್ಟರು. ಹೌದು, ಅವನ ಹೆಸರಿನಲ್ಲೂ ಹಡಗು ಇದೆ. ಯುಎಸ್‌ಎಸ್ ರಫಾಯೆಲ್ ಪೆರಾಲ್ಟಾ, ಅದೇ ಬಾತ್‌ನ ಶಿಪ್‌ಯಾರ್ಡಿನಲ್ಲಿ ಕಟ್ಟಿದ ಅದೇ ದರ್ಜೆಯ ಯುದ್ಧನೌಕೆ.

ಇಬ್ಬರು ಹುಡುಗರು, ಒಂದೇ ವರ್ಷ, ಒಂದೇ ಪ್ರಾಂತ್ಯ. ಒಬ್ಬನ ಮನೆಯವರಿಗೆ ಎರಡೂವರೆ ವರ್ಷದ ಕಾಯುವಿಕೆ, ಇನ್ನೊಬ್ಬನ ಮನೆಯವರಿಗೆ ಹತ್ತು ವರ್ಷದ ಜಗಳ. ಜೇಸನ್‌ನ ಹೆಲ್ಮೆಟ್ ಇರದೇ ಹೋಗಿದ್ದರೆ ಏನಾಗುತ್ತಿತ್ತೋ!

ನಮ್ಮ ಊರುಗಳ ವೀರಗಲ್ಲು ನೋಡಿದವರಿಗೆ ಇದರಲ್ಲಿ ಒಂದು ಪರಿಚಿತ ವಿಷಯ ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತದ್ದು. ಅವನ ಬಾಲ್ಯ ಇಲ್ಲ, ಅವನು ಏನು ತಿನ್ನುತ್ತಿದ್ದ, ಯಾರ ಜೊತೆ ಹರಟುತ್ತಿದ್ದ ಅನ್ನುವುದಿಲ್ಲ. ಬದುಕು ಶುರುವಾಗುವುದೇ ಕಾಳಗದಿಂದ. ಪದಕದ ಪ್ರಶಸ್ತಿ ಪತ್ರವೂ ಹಾಗೇ. ಸ್ಕ್ವಾಡ್ ಹೊರಟಲ್ಲಿಂದ ಶುರು, ಗ್ರೆನೇಡ್ ಸಿಡಿದಲ್ಲಿಗೆ ಮುಗಿಯಿತು. ಜೇಸನ್ ಹೆಲ್ಮೆಟ್ಟಿನಿಂದಲೂ ಮೈಯಿಂದಲೂ ಗ್ರೆನೇಡ್ ಮುಚ್ಚಿ ಕನಿಷ್ಠ ಇಬ್ಬರ ಜೀವ ಉಳಿಸಿದ ಅಂತ ಅದರಲ್ಲಿದೆ. ಹೆಲ್ಮೆಟ್ ಯಾಕೆ ಅನ್ನುವುದು ಇಲ್ಲ.

ವೀರಗಲ್ಲಿನ ಜೊತೆ ಇನ್ನೊಂದು ಪದ್ಧತಿಯೂ ಇತ್ತು. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿ. ಅದಕ್ಕೆ ಹಳಗನ್ನಡದ ಶಾಸನಗಳಲ್ಲಿ ನೆತ್ತರುಗೊಡಗೆ ಅನ್ನುತ್ತಾರೆ. ನೆತ್ತರಿಗೆ ಕೊಟ್ಟ ಕೊಡುಗೆ. ಎಷ್ಟು ನೇರವಾದ ಪದ ನೋಡಿ! ಅಮೆರಿಕದ ಕಾನೂನಿನಲ್ಲಿ ಇದಕ್ಕೆ ಮೆದುವಾದ ಹೆಸರಿದೆ, ಡೆತ್ ಗ್ರಾಚ್ಯುಟಿ. ಜೇಸನ್ ಸತ್ತ ವರ್ಷ ಅದು ಸುಮಾರು 12,000 ಡಾಲರ್. ಒಂದು ಸಾಧಾರಣ ಕಾರಿಗೂ ಸಾಲದು. 2005ರಲ್ಲಿ ಅದನ್ನು 1,00,000 ಡಾಲರ್‌ಗೆ ಏರಿಸಿ, 2001ರ ಅಕ್ಟೋಬರ್‌ನಿಂದ ಯುದ್ಧಭೂಮಿಯಲ್ಲಿ ಸತ್ತವರಿಗೂ ಅನ್ವಯಿಸಿದರು. ಪದಕದ ಬಗ್ಗೆ ಬಂದ ಸುದ್ದಿಗೆ ಹೋಲಿಸಿದರೆ ಈ ಹಣದ ಮಾತು ಯಾರ ಕಣ್ಣಿಗೂ ಬಿದ್ದಿಲ್ಲ ಅನ್ನಬೇಕು. ನೆನಪಿನಲ್ಲಿ ಇದೂ ಒಂದು ಭಾಗ ಅಲ್ವಾ?

ಸೈಯೊಗೆ ವಾಪಸ್ ಹೋಗೋಣ. ಊರಿನ ಗೋರಿಗಳ ತೋಟದಲ್ಲಿ ಅವನನ್ನು ಮಣ್ಣು ಮಾಡಿದರು. 2006ರ ಮಾರ್ಚ್‌ನಲ್ಲಿ ಅಲ್ಲಿನ ಅಂಚೆ ಕಚೇರಿಗೆ ಅವನ ಹೆಸರಿಟ್ಟರು, ಕಾರ್ಪೊರಲ್ ಜೇಸನ್ ಎಲ್. ಡನ್‌ಹಮ್ ಅಂಚೆ ಕಚೇರಿ ಅಂತ. ಅಮೆರಿಕದಲ್ಲಿ ಒಂದು ಅಂಚೆ ಕಚೇರಿಗೆ ಹೆಸರಿಡಬೇಕಾದರೂ ಸಂಸತ್ತಿನ ಎರಡೂ ಸದನಗಳಲ್ಲಿ ಮಸೂದೆ ಪಾಸಾಗಿ ಅಧ್ಯಕ್ಷರ ಸಹಿ ಬೀಳಬೇಕು. ಕೇಳಲು ಅತಿ ಅನ್ನಿಸುತ್ತದೆ. ನನಗಂತೂ ಈ ಪ್ರಕರಣದ ಅತ್ಯಂತ ಒಳ್ಳೆಯ ಸ್ಮಾರಕ ಅದೇ ಅನ್ನಿಸುತ್ತದೆ. ಸಣ್ಣ ಊರಿನ ಅಂಚೆ ಕಚೇರಿಗೆ ಎಲ್ಲರೂ ಒಂದಲ್ಲ ಒಂದು ದಿನ ಹೋಗುತ್ತಾರೆ. ಬಿಲ್ ಕಟ್ಟುವವರು, ಮೊಮ್ಮಗುವಿಗೆ ಪಾರ್ಸೆಲ್ ಕಳಿಸುವವರು. ಕೈಮುಗಿಯಲು ಅಂತ ಹೋಗಬೇಕಾದ ಜಾಗ ಅಲ್ಲ, ಕೆಲಸಕ್ಕೆ ಅಂತ ಹೋದಾಗ ಕಣ್ಣಿಗೆ ಬೀಳುವ ಹೆಸರು.

ಹಡಗಿನ ಅದ್ದೂರಿ ಬೇರೆ. 2010ರ ನವೆಂಬರ್ 13ರಂದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಅದು ಸೇವೆಗೆ ಸೇರಿತು. ಅಲ್ಲಿ ಒಂದು ಸಂಪ್ರದಾಯ ಇದೆ. ಹಡಗಿಗೆ ಹೆಸರಿಟ್ಟವರು, ಹಡಗು ಹತ್ತಿ ಜೀವ ತುಂಬಿ ಎಂಬ ಅರ್ಥದ ಆಜ್ಞೆ ಕೊಡಬೇಕು. ಅದನ್ನು ಕೇಳಿದ ಕೂಡಲೇ ನಾವಿಕರೆಲ್ಲ ಓಡಿ ಹೋಗಿ ಹಡಗಿನ ಅಂಚಿನುದ್ದಕ್ಕೂ ಸಾಲಾಗಿ ನಿಲ್ಲುತ್ತಾರೆ. ಮಗನ ಜೀವದ ಯಂತ್ರ ನಿಲ್ಲಿಸಲು ಒಪ್ಪಿಗೆ ಕೊಟ್ಟ ತಾಯಿಗೆ ಆರು ವರ್ಷದ ಬಳಿಕ ಬಂದ ಪಾತ್ರ ಇದು. ಆ ಸಾಲನ್ನು ಬರೆದಿಟ್ಟವರು ಯಾರೂ ಇಂಥ ತಾಯಿಯನ್ನು ಯೋಚಿಸಿರಲಿಕ್ಕಿಲ್ಲ.

ಒಂದು ಮಾತು ಇಲ್ಲಿ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಜೇಸನ್ ಗಾಯಗೊಂಡ ಮೂರೇ ದಿನಕ್ಕೆ, ಏಪ್ರಿಲ್ 17ರಂದು, ಹುಸೈಬಾದಲ್ಲಿ ದೊಡ್ಡ ಕಾಳಗ ಆಯಿತು. ಅದೇ ಬೆಟಾಲಿಯನ್‌ನ ಲೀಮಾ ಕಂಪನಿಯ ಮುಖ್ಯಸ್ಥ ಕ್ಯಾಪ್ಟನ್ ರಿಚರ್ಡ್ ಗ್ಯಾನನ್ ಮತ್ತು ನಾಲ್ವರು ಮರೀನ್‌ಗಳು ಸತ್ತರು. ಗಡಿಯ ಶಿಬಿರಕ್ಕೆ ಕ್ಯಾಂಪ್ ಗ್ಯಾನನ್ ಅಂತ ಹೆಸರಿಟ್ಟರು. ಯುದ್ಧ ಮುಗಿದ ಮೇಲೆ ಶಿಬಿರವೂ ಹೋಯಿತು, ಬೋರ್ಡೂ ಹೋಯಿತು. ಉಳಿದ ನಾಲ್ವರ ಹೆಸರು ಅವರವರ ಊರಿನಲ್ಲಿ, ಅವರವರ ಮನೆಯಲ್ಲಿ ಇದ್ದೀತು. ಹಡಗಂತೂ ಇಲ್ಲ. ಅವರ ಸಾವು ಸಣ್ಣದಾಗಿತ್ತು ಅಂತ ಅಲ್ಲ. ಕಥೆಯಾಗಿ ಹೇಳಲು ಬರುವ ಸಾವುಗಳು ಕೆಲವೇ ಇರುತ್ತವೆ, ನೆನಪು ಹೆಚ್ಚಾಗಿ ಅವುಗಳ ಹಿಂದೆಯೇ ಹೋಗುತ್ತದೆ.

ಇನ್ನು ಉಪಾಯದ ಮಾತು. 2010ರ ನವೆಂಬರ್‌ನಲ್ಲಿ, ಜೇಸನ್‌ನ ಹಡಗು ಸೇವೆಗೆ ಸೇರಿದ ಮುಂದಿನ ವಾರ, ಅಫ್ಘಾನಿಸ್ತಾನದ ಮರ್ಜಾದಲ್ಲಿ ಕೈಲ್ ಕಾರ್ಪೆಂಟರ್ ಎಂಬ ಇನ್ನೊಬ್ಬ ಯುವ ಮರೀನ್ ಜೊತೆಗಾರನನ್ನು ಉಳಿಸಲು ಗ್ರೆನೇಡಿಗೆ ಮೈಯೊಡ್ಡಿದ. ಮೈಯೆಲ್ಲ ಛಿದ್ರವಾಯಿತು. ಹತ್ತಾರು ಶಸ್ತ್ರಚಿಕಿತ್ಸೆಗಳ ನಂತರ ಬದುಕಿದ, 2014ರಲ್ಲಿ ತಾನೇ ನಿಂತು ಮೆಡಲ್ ಆಫ್ ಆನರ್ ಪಡೆದ. ಅಂದರೆ ಗ್ರೆನೇಡಿನಿಂದಲೂ ಬದುಕಿ ಬರಬಹುದು. ಶಿಬಿರದ ಹರಟೆಯಲ್ಲಿ ಜೇಸನ್ ವಾದಿಸಿದ್ದು ಹುಚ್ಚು ಮಾತಾಗಿರಲಿಲ್ಲ.

ಆ ಹರಟೆ ಪದಕದಲ್ಲಿ ಇಲ್ಲ, ಅಂಚೆ ಕಚೇರಿಯ ಫಲಕದಲ್ಲಿ ಇಲ್ಲ. ಹಡಗಿನ ಕಂಬದಲ್ಲಿ ಇದೆ ಅನ್ನಬಹುದೇನೋ. ಅಲ್ಲಿ ಇಟ್ಟಿರುವುದು ಅವನ ಸಮವಸ್ತ್ರದ ಗುಂಡಿಯನ್ನಲ್ಲ, ಪದಕದ ನಕಲನ್ನೂ ಅಲ್ಲ. ಅವನು ತಡೆಯುತ್ತದೆ ಅಂತ ವಾದ ಮಾಡಿದ್ದ ವಸ್ತುವಿನ ಚೂರನ್ನೇ ಇಟ್ಟಿದ್ದಾರೆ.

2018ರ ಆಗಸ್ಟ್‌ನಲ್ಲಿ ಆ ಹಡಗು ಏಡನ್ ಕೊಲ್ಲಿಯಲ್ಲಿ ಒಂದು ದೋಣಿಯನ್ನು ತಡೆದು, ಕಳ್ಳಸಾಗಣೆ ಆಗುತ್ತಿದ್ದ 2,000ಕ್ಕೂ ಹೆಚ್ಚು ಎಕೆ-47 ಬಂದೂಕುಗಳನ್ನು ಹಿಡಿಯಿತು. ಕರಾಬಿಲಾದ ಆ ಏಳು ಗಾಡಿಗಳನ್ನು ನಿಲ್ಲಿಸಿದ್ದೂ ಆಯುಧ ಹುಡುಕಲೆಂದೇ. ಈಗ ಆ ಹಡಗಿನಲ್ಲಿ ಕೆಲಸಕ್ಕೆ ಸೇರುವ ಹದಿನೆಂಟರ ಹುಡುಗ ಹುಡುಗಿಯರು ಜೇಸನ್ ಸತ್ತ ಮೇಲೆ ಹುಟ್ಟಿದವರು. ಕಂಬದ ಕೆಳಗೆ ದಿನಕ್ಕೆ ಹತ್ತು ಸಲ ಓಡಾಡುತ್ತಾರೆ, ತಲೆ ಮೇಲೆ ಹೆಲ್ಮೆಟ್ ಹಾಕಿಕೊಂಡೋ, ಕಂಕುಳಲ್ಲಿ ಸಿಕ್ಕಿಸಿಕೊಂಡೋ.